ಅಮಲ್ದಾರರ ಅರ್ಧ ಮೀಸೆ

ನಮ್ಮೂರ ಕ್ಷೌರಿಕ ಚೌಡಪ್ಪನ ಕೈ ನಡುಗಿದ್ದನ್ನು ಕಂಡವರು ಸುತ್ತಮುತ್ತಲ ಹಳ್ಳಿಗಳಲ್ಲಿ ಯಾರೂ ಇಲ್ಲ. ಅವತ್ತು ಅಮಲ್ದಾರರ ಮನೆ ಜಗಲಿಯಲ್ಲಿ ಆದ ತಪ್ಪು ಅವರದೇ. ಕ್ಷೌರಕ್ಕೆ ಕೂತವರು ಸುಮ್ಮನೆ ಕೂರಬೇಕು. ಇವರು ಇಂಗ್ಲಿಷಿನ ಹಿರಿಮೆ ಸಾರುತ್ತ ಫಕ್ಕನೆ ಕತ್ತು ತಿರುಗಿಸಿದರು. ಬಲಗಡೆಯ ಮೀಸೆ ಮಡಿಲಿಗೆ ಬಿತ್ತು. ತಾಲ್ಲೂಕೇ ಹೆದರುತ್ತಿದ್ದ ಮೀಸೆ ಅದು.

"ಲೋ, ಈ ನಷ್ಟಾನ ಈಗಲೇ ರಿಕೂಪ್ ಮಾಡಿಕೊಡು. ಇಲ್ಲದಿದ್ದರೆ ನಿನ್ನ ಕತ್ತಿ, ಕತ್ತರಿ ಎಲ್ಲಾ ಜಪ್ತಿ. ಆಮೇಲೆ ಏನು ಮಾಡಿ ಹೊಟ್ಟೆ ಹೊರೀತೀಯೋ ನೋಡ್ತೀನಿ."

ಚೌಡಪ್ಪ ಕೈಮುಗಿದ. "ಬುದ್ಧಿ, ರಿಕೂಪು ಅಂದ್ರೇನು? ಗೊತ್ತಾದ್ರೆ ತಾನೆ ಮಾಡೋದು?"

ಪಾಠ ಹೇಳುವ ಅವಕಾಶ ಸಿಕ್ಕರೆ ಅಮಲ್ದಾರರಿಗೆ ಸಿಟ್ಟೂ ಮರೆತುಹೋಗುತ್ತಿತ್ತು. "ಕಳಕೊಂಡದ್ದನ್ನ ಮರಳಿ ಪಡೆಯೋದು. ಫ್ರೆಂಚರಿಂದ ಇಂಗ್ಲಿಷಿಗೆ ಬಂದ ಮಾತು. ಮೂಲದಲ್ಲಿ ಮತ್ತೆ ಕತ್ತರಿಸು ಅಂತ ಅರ್ಥ."

"ಮತ್ತೆ ಕತ್ತರಿಸಿದ್ರೆ ಹೋದದ್ದು ಬರ್ತದಾ ಬುದ್ಧಿ?"

"ಪದ ಹುಟ್ಟಿದ್ದೇ ಹಾಗೆ ಕಣೋ, ದಡ್ಡ."

"ತಾವು ಹೇಳಿದ ಮೇಲೆ ಮುಗೀತು" ಅಂದವನೇ ಚೌಡಪ್ಪ ಎಡಗಡೆಯ ಮೀಸೆಯನ್ನೂ ಕಚಕ್ಕನೆ ಕತ್ತರಿಸಿಬಿಟ್ಟ.

ಅಮಲ್ದಾರರ ತೆರೆದ ಬಾಯಿಂದ ಬೈಗುಳ ಹೊರಡುವಷ್ಟರಲ್ಲಿ, ಅವರ ಹೆಂಡತಿ ಕಾಫಿ ಹಿಡಿದು ಬಂದರು. ಗಂಡನ ಮುಖ ಕಂಡು ಹೊಸ್ತಿಲಲ್ಲೇ ನಿಂತು, ಸೆರಗು ಬಾಯಿಗಿಟ್ಟು ನಕ್ಕರು.

"ಧಾರೆ ಮಂಟಪದಲ್ಲಿ ನೋಡಿದ ಮುಖ ಅಲ್ವೇನ್ರೀ ಇದು? ಇಷ್ಟು ವರ್ಷ ಎಲ್ಲಿ ಬಚ್ಚಿಟ್ಟಿದ್ರಿ?"

ಅಮಲ್ದಾರರು ಕನ್ನಡಿ ಇಸಿದುಕೊಂಡು ಬೋಳು ತುಟಿಯ ಮೇಲೆ ಬೆರಳಾಡಿಸಿದರು. ಹೆಂಡತಿ ಒಳಗೆ ಹೋದ ಮೇಲೆ ದನಿ ತಗ್ಗಿಸಿದರು.

"ಚೌಡಪ್ಪ, ಇದು ಮತ್ತೆ ಚಿಗುರೋಕೆ ಎಷ್ಟು ದಿನ ಬೇಕು?"

"ವಾರ ಸಾಕು ಬುದ್ಧಿ."

"ಹಾಗಾದ್ರೆ ಅದಕ್ಕೆ ಮುಂಚೆನೇ ಬಂದುಬಿಡಪ್ಪ."