ಚುಕ್ಕಿ ಕೋಳಿ ಮಗನಿಗಿಟ್ಟ ಹೆಸರು

ರೆಕ್ಕೆ ಮರೆಗೆ ಬಾ ತಂಗಿ, ಕಿವಿಯಲ್ಲಿ ಹೇಳ್ತೀನಿ. ಯಾರ ಮುಂದೂ ಬಾಯಿ ಬಿಡಬೇಡ. ಪಕ್ಕದ ಬುಟ್ಟಿಯ ಚುಕ್ಕಿ ಕೋಳಿ ತನ್ನ ಮರಿಗೆ ಹದ್ದು ಅಂತ ಹೆಸರಿಟ್ಟಿದ್ದಾಳೆ. ಹೂಂ ಕಣೇ, ಹೋದ ತಿಂಗಳು ಅವಳ ಮರಿಗಳು ಮುತ್ತು, ಹವಳ ಇಬ್ಬರನ್ನೂ ಎತ್ತಿಕೊಂಡು ಹೋಯಿತಲ್ಲ, ಅದೇ ಹದ್ದು. ಅಂಗಳದ ತುಂಬ ಕೂಗಿ ಕರೀತಾಳೆ. ನಮ್ಮ ಮರಿಗಳೆಲ್ಲ ಹೆದರಿ ಬೇಲಿಗೆ ನುಗ್ಗುತ್ತವೆ, ಅವಳದು ಮಾತ್ರ ಕುಣೀತಾ ಬರುತ್ತೆ. ಹಿರಿಯಳು ನಾನು, ಸುಮ್ಮನಿರೋದು ಹೇಗೆ?

"ನಮ್ಮ ಕುಲದಲ್ಲಿ ಆ ಹೆಸರನ್ನು ಯಾರೂ ಗಟ್ಟಿಯಾಗಿ ಆಡಿದ್ದಿಲ್ಲ. ನಿನಗೆ ಬುದ್ಧಿ ನೆಟ್ಟಗಿದೆಯಾ?" ಅಂದೆ.

ಕಾಳು ಕುಕ್ಕೋದನ್ನೂ ನಿಲ್ಲಿಸದೆ ಮುಖಕ್ಕೆ ಹೊಡೆದ ಹಾಗೆ ಅಂದಳು: "ನನ್ನ ಮಗನಾದರೂ ಹೆದರದೆ ಬೆಳೀಲಿ. ನೀವೆಲ್ಲ ಪಿಸುಗುಟ್ಟಿ ದೊಡ್ಡದು ಮಾಡಿದ ಹೆಸರು ಅದು, ಅಜ್ಜಿ. ನಾನು ಕೂಗಿ ಕೂಗಿ ಸವೆಸ್ತೀನಿ."