ಬರ್ತೀನಿ ಎಂದ ವ್ಯಾಪಾರಿ

"ಅಜ್ಜಾರ, ಸುಖದೊಳಗ ಇದ್ದೂ ಸುಖಕ್ಕ ಅಂಟಿಕೊಳ್ಳದಂಗ ಇರಾಕ ಬರ್ತದೋ ಇಲ್ಲೋ?"

ಕೇಳಿದವನು ಮಠದಲ್ಲೇ ಓದಿ ಬೆಳೆದ ಶಿಷ್ಯ ಕೊಟ್ರಯ್ಯ. ಎಂದಿನಂತೆ ಹೊಸ್ತಿಲಾಚೆ ಚಪ್ಪಲಿಯ ಮೂತಿ ಒಳಗೆ ಮಾಡಿ ಬಿಟ್ಟು, ಬಟ್ಟೆಯ ಚೀಲವನ್ನು ಬಾಗಿಲ ಬಳಿ ಇಟ್ಟು, ಮಣೆಯ ಮೇಲಿದ್ದ ಮಠದ ಹಿರಿಯ ಸ್ವಾಮಿಗಳು ಅಜ್ಜಾರ ಮುಂದೆ ಕುಳಿತಿದ್ದ. ಹುಬ್ಬಳ್ಳಿಯ ಭಕ್ತರೊಬ್ಬರು ತಮ್ಮ ಹೊಸ ಮನೆಯ ಮಾಳಿಗೆಯಲ್ಲಿ ಅವನಿಗೊಂದು ಕೋಣೆ ಮಾಡಿಸಿದ್ದರು. ಮೆತ್ತನೆಯ ಹಾಸಿಗೆ, ಗುಂಡಿ ಒತ್ತಿದರೆ ಬಿಸಿನೀರು, ಹಸಿವಾಗುವ ಮೊದಲೇ ಊಟ. ಚಳಿಗಾಲ ಅಲ್ಲಿ ಓದಿಕೊಂಡಿದ್ದು ಯುಗಾದಿಗೆ ಮರಳುತ್ತೇನೆ ಎಂದು ಅವನು ಮಾತು ಕೊಟ್ಟಿದ್ದ. ಅಜ್ಜಾರಿಗೆ ವಯಸ್ಸಾಗಿತ್ತು. ತಮ್ಮ ನಂತರ ಮಠ ಇವನದೇ ಎಂದು ಅವರು ಎಂದೋ ಮನಸ್ಸು ಮಾಡಿದ್ದರು. ಇವನು ಬಾರದಿದ್ದರೆ ಮಠದ ಬಾಗಿಲು ಮುಚ್ಚಿದಂತೆಯೇ.

"ಬರ್ತದೋ ಇಲ್ಲೋ ನನಗ ಗೊತ್ತಿಲ್ಲ. ಒಂದು ಕತಿ ಗೊತ್ತದ," ಎಂದರು ಅಜ್ಜಾರು. ಕತೆ ಹೀಗಿತ್ತು.

ಒಬ್ಬ ವ್ಯಾಪಾರಿ ಇದ್ದ. ಊದುಬತ್ತಿಯ ವ್ಯಾಪಾರ. ಮನೆಯಲ್ಲಿ ಅವನು, ಅವನ ಹೆಂಡತಿ. ಹಂಡೆಯ ಒಲೆ ಯಾರು ಹೊತ್ತಿಸಬೇಕು ಎಂಬುದರ ಮೇಲೆ ಇಬ್ಬರಿಗೂ ಬೆಳಗಾದರೆ ಜಗಳ. ಜಗಳ ಮುಗಿಯುವ ಹೊತ್ತಿಗೆ ಇಬ್ಬರಲ್ಲಿ ಯಾರೋ ಒಬ್ಬರು ಒಲೆ ಹೊತ್ತಿಸಿ ನೀರೂ ಕಾದಿರುತ್ತಿತ್ತು. ಹೀಗೆ ಸುಖವಾಗಿದ್ದರು. ಸುಖವಾಗಿದ್ದೇವೆ ಎಂದು ಅವರಿಗೆ ಗೊತ್ತಿರಲಿಲ್ಲ, ಅಷ್ಟೇ.

ವ್ಯಾಪಾರಿ ಕೆಲಸದ ಮೇಲೆ ಜಪಾನಿಗೆ ಹೋದ.

ಅಜ್ಜಾರು ಇಲ್ಲಿ ಕತೆ ನಿಲ್ಲಿಸಿ ಶಿಷ್ಯನನ್ನು ನೋಡಿದರು. "ನೀವು ಜಪಾನಿಗೆ ಯಾವಾಗ ಹೋಗಿದ್ರಿ ಅಂತ ಕೇಳಬ್ಯಾಡ. ಕತಿಗೆ ಟಿಕೀಟು ಬೇಕಾಗಿಲ್ಲ."

ಕೆಲಸ ಬೇಗ ಮುಗಿಯಿತು. ಅಲ್ಲಿಯವರು ಅವನಿಗೆ ಬೆಟ್ಟದ ಮಗ್ಗುಲಲ್ಲಿದ್ದ ಒಂದು ಹಳೆಯ ವಸತಿಗೃಹವನ್ನು ತೋರಿಸಿದರು. ಮರದ ಕಂಬ, ಕಾಗದದ ಬಾಗಿಲು, ನೆಲಕ್ಕೆ ಹುಲ್ಲಿನ ಚಾಪೆ. ಒಡತಿ ವಯಸ್ಸಾದ ಹೆಂಗಸು. ಅವಳ ಅಂಗೈಯಲ್ಲಿ ಒಂದು ಯಂತ್ರ. ಅವಳು ತನ್ನ ಭಾಷೆಯಲ್ಲಿ ನುಡಿದದ್ದನ್ನು ಅದು ಇವನಿಗೆ ಕನ್ನಡದಲ್ಲಿ ಹೇಳುತ್ತಿತ್ತು. ಇವನು ನುಡಿದದ್ದನ್ನು ಅವಳ ಭಾಷೆಯಲ್ಲಿ ಹೇಳುತ್ತಿತ್ತು.

ವ್ಯಾಪಾರಿ ಬೂಟು ಕಳಚಿ ಒಳಗೆ ಹೋದ. ತಿರುಗಿ ನೋಡಿದಾಗ ಒಡತಿ ಮಂಡಿಯೂರಿ ಕುಳಿತು ಅವನ ಬೂಟುಗಳ ಮೂತಿಯನ್ನು ಹೊರಗಡೆಗೆ ತಿರುಗಿಸುತ್ತಿದ್ದಳು. ಯಾಕೆ ಎಂದು ಕೇಳಿದ. ಅವಳು ಹೇಳಿದಳು. ಯಂತ್ರ ನುಡಿಯಿತು: "ತಮ್ಮ ಹೊರಡುವಿಕೆಗೆ ವಿಳಂಬವಾಗಬಾರದು."

ಹೊರಗಿನಿಂದ ಹಳೆಯದಾದರೂ ಒಳಗೆ ಎಲ್ಲ ಹೊಸದು. ನಡೆದರೆ ದೀಪ ತಾನೇ ಹೊತ್ತುತ್ತಿತ್ತು. ಚಾಪೆಯ ಕೆಳಗೆ ನೆಲ ಬೆಚ್ಚಗಿತ್ತು. ಶೌಚಕ್ಕೆ ಹೋದರೆ ಮುಚ್ಚಳ ತಾನೇ ತೆರೆದುಕೊಳ್ಳುತ್ತಿತ್ತು. ಕೂತರೆ ಅದೂ ಬೆಚ್ಚಗೆ, ಯಾರೋ ಆಗಷ್ಟೇ ಎದ್ದುಹೋದ ಹಾಗೆ. ಸ್ನಾನಕ್ಕೆ ಬೆಟ್ಟದ ಬಿಸಿನೀರಿನ ಬುಗ್ಗೆ. ಊಟ ಮುಗಿಸಿ ಕೋಣೆಗೆ ಬಂದರೆ ಹಾಸಿಗೆ ಹಾಸಿರುತ್ತಿತ್ತು. ಹಾಸಿದವರು ಕಾಣುತ್ತಿರಲಿಲ್ಲ. ಚಹಾ ಬೇಕು ಎಂದು ಮನಸ್ಸಿನಲ್ಲಿ ಅಂದುಕೊಂಡು ತಿರುಗಿದರೆ ಬಟ್ಟಲಲ್ಲಿ ಚಹಾ ಹಬೆಯಾಡುತ್ತಿತ್ತು. ತಂದವರೂ ಕಾಣುತ್ತಿರಲಿಲ್ಲ.

ಮೊದಮೊದಲು ವ್ಯಾಪಾರಿಗೆ ಭಯವಾಯಿತು. ಆಮೇಲೆ ಅಭ್ಯಾಸವಾಯಿತು. ಭಯ ಹೋದದ್ದು ಯಾವಾಗ ಎಂದು ಅವನಿಗೆ ತಿಳಿಯಲಿಲ್ಲ. ಒಂದು ಸಂಜೆ ಮಾತ್ರ ಒಂದು ಸಂಗತಿ ಹೊಳೆಯಿತು: ಇಲ್ಲಿಗೆ ಬಂದಾಗಿನಿಂದ ತಾನು ಯಾರನ್ನೂ ಏನನ್ನೂ ಕೇಳಿಲ್ಲ. ಅದಕ್ಕೂ ಅವನು ಸಂತೋಷವನ್ನೇ ಪಟ್ಟ.

ಹೊರಡುವ ದಿನ ಬಂತು. ನಮ್ಮ ಕಡೆಯವರು ಎಲ್ಲಿಂದಲೇ ಎದ್ದರೂ ಹೋಗ್ತೀನಿ ಅನ್ನುವುದಿಲ್ಲ. ಹಾಗೆ ಅಂದರೆ ಅಪಶಕುನ, ಸತ್ತವರಷ್ಟೇ ಹೋಗುವುದು. ಬರ್ತೀನಿ ಅನ್ನುತ್ತೇವೆ. ವ್ಯಾಪಾರಿಯೂ ಬಾಗಿಲಲ್ಲಿ ನಿಂತು ಕೈಮುಗಿದು, "ಬರ್ತೀನ್ರೀ ಅಮ್ಮಾ," ಅಂದ.

ಯಂತ್ರ ಅದನ್ನು ಅವಳ ಭಾಷೆಯಲ್ಲಿ ಹೇಳಿತು. ಒಡತಿ ಅವನನ್ನೇ ನೋಡಿದಳು. ನಗಲಿಲ್ಲ. ಏನೋ ಕೇಳಿದಳು. ಯಂತ್ರ ನುಡಿಯಿತು: "ಖಚಿತವಾಗಿ?"

ಇದು ಬರೀ ಮಾತಿನ ರೂಢಿ ಎಂದು ಯಂತ್ರಕ್ಕೆ ಹೇಗೆ ಬಿಡಿಸಿ ಹೇಳುವುದು? ಬಸ್ಸಿಗೆ ಹೊತ್ತಾಗಿತ್ತು. "ಹೌದು ಹೌದು," ಎಂದುಬಿಟ್ಟ.

ಒಡತಿ ತಲೆಬಾಗಿದಳು. ಅವನು ಒಳಗೆ ಹಾಕಿಕೊಳ್ಳುತ್ತಿದ್ದ ಮನೆಚಪ್ಪಲಿಗಳನ್ನು ಕೈಯಲ್ಲಿ ಎತ್ತಿ, ಮೂತಿ ಒಳಗೆ ಮಾಡಿ, ಹೊಸ್ತಿಲ ಬಳಿ ಜೋಡಿಸಿಟ್ಟಳು. ಬಸ್ಸು ತಿರುಗುವವರೆಗೂ ಅವಳು ಬಾಗಿಲಲ್ಲಿ ನಿಂತೇ ಇದ್ದಳು.

ವ್ಯಾಪಾರಿ ಊರಿಗೆ ಬಂದ. ಬೂಟು ಮೂಲೆ ಸೇರಿತು. ಪೇಟೆಗೆ ಹೋಗಿ ಬಂದು ಎಂದಿನ ಚಪ್ಪಲಿ ಬಿಟ್ಟು ಒಳಗೆ ಹೋದ. ನಮ್ಮಲ್ಲಿ ಚಪ್ಪಲಿ ಬಿಡುವುದಕ್ಕೆ ಶಾಸ್ತ್ರವಿಲ್ಲ, ಬಂದ ಹಾಗೆಯೇ ಮೂತಿ ಒಳಗೆ. ಮರುದಿನ ಬೆಳಿಗ್ಗೆ ನೋಡಿದರೆ ಚಪ್ಪಲಿಯ ಮೂತಿ ಹೊರಗಿತ್ತು.

ಹೆಂಡತಿಯನ್ನು ಕೇಳಿದ. "ನನಗೇನು ಬ್ಯಾರೆ ಕೆಲಸ ಇಲ್ಲೇನ್ರಿ?" ಅಂದಳು. ಅವನು ಚಪ್ಪಲಿಯನ್ನು ಒಳಗೆ ತಿರುಗಿಸಿಟ್ಟ. ಮರುದಿನ ಮತ್ತೆ ಹೊರಗೆ. ನಾಯಿಯೋ ಬೆಕ್ಕೋ ಎಂದುಕೊಂಡ. ನಾಯಿ ಚಪ್ಪಲಿ ಕಚ್ಚಿಕೊಂಡು ಹೋಗುತ್ತದೆ. ಜೋಡಿಸಿಡುವುದಿಲ್ಲ.

ಮನೆಯಲ್ಲೂ ಅವನಿಗೆ ಸರಿಹೋಗಲಿಲ್ಲ. ನೆಲ ತಣ್ಣಗೆ ಕೊರೆಯುತ್ತಿತ್ತು. ಚಹಾ ಬೇಕಾದರೆ ಬಾಯಿಬಿಟ್ಟು ಕೇಳಬೇಕಿತ್ತು. ಒಲೆ ಹೊತ್ತಿಸುವ ಸರದಿ ನಿಮ್ಮದು ಎಂದು ಹೆಂಡತಿ ಜಗಳಕ್ಕೆ ಬಂದರೆ ಅವನು ಜಗಳವಾಡಲಿಲ್ಲ. ತಣ್ಣೀರಿನಲ್ಲೇ ಸ್ನಾನ ಮಾಡಿ ಎದ್ದ. ಅಂದು ಹೆಂಡತಿಗೆ ಮೊದಲ ಸಲ ಭಯವಾಯಿತು. ಜಗಳವಾಡುವ ಗಂಡ ಮನೆಯಲ್ಲಿರುತ್ತಾನೆ. ಇವನು ಎಲ್ಲಿದ್ದಾನೆ?

ಆಮೇಲೆ ಚಪ್ಪಲಿಗೆ ಅವಳೇ ಕಾವಲಾದಳು. ಬೆಳಿಗ್ಗೆ ಎದ್ದವಳೇ ಅದರ ಮೂತಿಯನ್ನು ಒಳಗೆ ತಿರುಗಿಸುತ್ತಿದ್ದಳು. ಕಸ ಗುಡಿಸಿ ಬರುವಷ್ಟರಲ್ಲಿ ಅದು ಹೊರಗೆ ತಿರುಗಿರುತ್ತಿತ್ತು. ಮುಟ್ಟಿದರೆ ಬೆಚ್ಚಗಿರುತ್ತಿತ್ತು.

ಒಂದು ಬೆಳಿಗ್ಗೆ ವ್ಯಾಪಾರಿ ಪೇಟೆಗೆಂದು ಹೊರಟ. ಚಪ್ಪಲಿ ಮೂತಿ ಹೊರಗೆ ಮಾಡಿ ಕಾದಿತ್ತು. ಬಗ್ಗುವ, ತಿರುಗುವ ಕೆಲಸವಿಲ್ಲ. ಕಾಲಿಟ್ಟ. ಏನೂ ಹೇಳದೆ ಮೆಟ್ಟಿಲಿಳಿದ.

ಹೆಂಡತಿ ಬಾಗಿಲಿಗೆ ಓಡಿಬಂದಳು. "ಬರ್ತೀನಿ ಅಂದು ಹೋಗ್ರೀ."

ಅವನು ನಿಂತ. ಬಾಯಿ ತೆರೆದ. ಆ ಮಾತನ್ನು ಹುಡುಕಿದ. ಅದು ಸಿಗಲಿಲ್ಲ. ಅದನ್ನು ಅವನು ಬೇರೆ ಬಾಗಿಲಲ್ಲಿ ಕೊಟ್ಟು ಬಂದಿದ್ದ, ಖಚಿತವಾಗಿ ಎಂದು ಕೇಳಿದಾಗ ಹೌದು ಎಂದೂ ಹೇಳಿದ್ದ. ಹೆಂಡತಿಯ ಮುಖ ನೋಡಿ ಅವನ ಕಣ್ಣಲ್ಲಿ ನೀರು ಬಂತು.

"ಹೋಗ್ತೀನಿ," ಅಂದ.

ಪೇಟೆಗೆ ಹೊರಟವನು ಪೇಟೆ ಮುಟ್ಟಲಿಲ್ಲ. ಹುಡುಕಿದವರಿಗೆ ಸಿಗಲಿಲ್ಲ. ಅದೇ ದಿನ ಬೆಟ್ಟದ ಮಗ್ಗುಲ ಆ ವಸತಿಗೃಹದಲ್ಲಿ ಒಡತಿ ಒಂದು ಬಟ್ಟಲು ಚಹಾ ಹೆಚ್ಚಿಗೆ ಮಾಡಿದಳು. ಹೊಸ್ತಿಲ ಬಳಿ ಇದ್ದ ಮನೆಚಪ್ಪಲಿಗಳು ಅಲ್ಲಿರಲಿಲ್ಲ.

ಅವನ ಹಳೆಯ ಚಪ್ಪಲಿ ಇನ್ನೊಂದು ಜೊತೆ ಮನೆಯಲ್ಲಿತ್ತು. ಹೆಂಡತಿ ಅದನ್ನು ಮೂತಿ ಒಳಗೆ ಮಾಡಿ ಬಾಗಿಲಲ್ಲಿ ಇಟ್ಟಿದ್ದಾಳೆ. ಅದು ಇಟ್ಟ ಹಾಗೆಯೇ ಇದೆ. ತಿರುಗಿಸುವವರು ಈಗ ಯಾರೂ ಇಲ್ಲ.

ಅಜ್ಜಾರು ಕತೆ ಮುಗಿಸಿದರು.

ಕೊಟ್ರಯ್ಯ ನಕ್ಕ. "ಹೆದರಿಸ್ತೀರಿ ನೀವು. ನಾ ಆ ವ್ಯಾಪಾರಿ ಅಲ್ರೀ ಅಜ್ಜಾರ. ಹುಬ್ಬಳ್ಳಿ ಏನು ಜಪಾನೇ? ಯುಗಾದಿಗೆ ಬಂದ ಬರ್ತೀನಿ."

ಎದ್ದು ಕಾಲುಮುಟ್ಟಿ ನಮಸ್ಕರಿಸಿದ. ಚೀಲ ಹೆಗಲಿಗೇರಿಸಿ ಹೊಸ್ತಿಲ ಬಳಿ ಬಂದವನು ಅಲ್ಲೇ ನಿಂತ. ಹೊಸ್ತಿಲಾಚೆ ಅವನ ಚಪ್ಪಲಿ ಒಂದಕ್ಕೊಂದು ಜೋಡಿಸಿಟ್ಟ ಹಾಗಿತ್ತು. ಮೂತಿ ಹೊರಗಿತ್ತು. ಅಂಗಳದಲ್ಲಿ ಯಾರೂ ಇರಲಿಲ್ಲ. ಇದು ಮುದುಕರದೇ ಕಿತಾಪತಿ ಇರಬೇಕು ಎಂದು ಅವನು ತಿರುಗಿ ಗುರುಗಳ ಮುಖ ನೋಡಿದ.

"ನನ್ನ ಮುಖ ಯಾಕ ನೋಡ್ತಿ ಕೊಟ್ರಯ್ಯ, ಮುಂಜಾನಿಂದ ನಾ ಕೂತ ಈ ಮಣಿ ಬಿಟ್ಟು ಎದ್ದಿಲ್ಲ."