ಅಂಗಳದ ಕೂರಿಗೆ

“ಗುರುಗಳೇ, ಮಾಡಿದ ಕೆಲಸವನ್ನು ಇನ್ನು ಜನರ ಕೈಗೆ ಕೊಡಬಹುದು ಎಂದು ತಿಳಿಯುವುದು ಹೇಗೆ?”

ಕೇಳಿದವಳು ಹೈಮವತಿ. ಕಣ್ಣು ಕಾಣದವರಿಗೆ ಕನ್ನಡ ಪುಸ್ತಕಗಳನ್ನು ಓದಿ ಹೇಳುವ ಒಂದು ತಂತ್ರಾಂಶವನ್ನು ಅವಳು ನಾಲ್ಕು ವರ್ಷದಿಂದ ಬರೆಯುತ್ತಿದ್ದಳು. ಮಾರುವ ಯೋಚನೆ ಇರಲಿಲ್ಲ. ಯಾರು ಬೇಕಾದರೂ ಪಡೆಯಲಿ, ಒಳಗಿರುವುದನ್ನೆಲ್ಲ ಬಿಚ್ಚಿ ನೋಡಲಿ, ತಿದ್ದಲಿ, ತಿದ್ದಿದ್ದನ್ನು ಮತ್ತೊಬ್ಬರಿಗೆ ಕೊಡಲಿ ಎಂಬುದು ಅವಳ ಆಸೆ. ಆದರೆ ಮೊದಲ ಬಿಡುಗಡೆಗೆ ಮೂರು ಸಲ ದಿನ ಗೊತ್ತುಮಾಡಿ ಮೂರು ಸಲವೂ ಮುಂದೂಡಿದ್ದಳು. ಎಲ್ಲರೂ ಬಿಚ್ಚಿ ನೋಡುತ್ತಾರೆ, ತಪ್ಪು ಕಂಡು ನಗುತ್ತಾರೆ ಎಂಬ ಭಯ ಅವಳಿಗೆ.

ಗುರುಗಳಿಗೆ ಕಣ್ಣು ಹೋಗಿ ಆರು ವರ್ಷವಾಗಿತ್ತು. ದಿನವೂ ಬೆಳಿಗ್ಗೆ ಹೈಮವತಿ ಬಂದು ಅವರಿಗೆ ತಾನೇ ಪುಸ್ತಕ ಓದುತ್ತಿದ್ದಳು; ತಂತ್ರಾಂಶವನ್ನು ಅವರಿಗೆ ಇನ್ನೂ ಕೇಳಿಸಿರಲಿಲ್ಲ. ಇಂದು ಪುಸ್ತಕದ ಬದಲು ತೊಡೆಯ ಮೇಲೆ ಲ್ಯಾಪ್‌ಟಾಪ್ ತೆರೆದು, ಬಿಡುಗಡೆಗೆ ಮೊದಲು ಮುಗಿಸಬೇಕಾದ ಕೆಲಸಗಳ ಪಟ್ಟಿಯನ್ನು ಓದಿದಳು. ಒಟ್ಟು ನಲವತ್ತಮೂರು. ಗುರುಗಳು ಕೊನೆಯವರೆಗೂ ಕೇಳಿದರು.

“ಹೋದ ತಿಂಗಳು ಎಷ್ಟಿದ್ದವು?”

“ಮೂವತ್ತೊಂದು.”

ಗುರುಗಳು ಗಡ್ಡದೊಳಗೇ ನಕ್ಕರು. “ಅಲ್ಲ ತಾಯಿ, ಮಾಡಿದಷ್ಟೂ ಕೆಲಸ ಕಡಿಮೆಯಾಗುತ್ತದೆ ಎಂದು ನಾನು ಇಷ್ಟು ದಿನ ನಂಬಿದ್ದೆನಲ್ಲ. ಇರಲಿ, ಒಬ್ಬ ಬಡಗಿಯ ಕತೆ ಕೇಳು.”

ಒಂದು ಊರಿನಲ್ಲಿ ಒಬ್ಬ ಬಡಗಿಯಿದ್ದ. ಆರಡಿ ಆಳು, ಕೈಯಲ್ಲಿ ಒಳ್ಳೆಯ ಕಸುಬು. ಆ ಊರಿನ ಬಿತ್ತುವ ಕೂರಿಗೆಗಳೆಲ್ಲ ಬಲು ಭಾರ. ಎಳೆಯಲು ದೊಡ್ಡ ಎತ್ತುಗಳೇ ಬೇಕು. ಸಣ್ಣ ಎತ್ತುಗಳೂ ಎಳೆಯುವಂಥ ಹಗುರವಾದ ಕೂರಿಗೆಯೊಂದನ್ನು ಅವನು ಮಾಡಿದ. “ಇದರ ಅಳತೆಯನ್ನು ನಾನು ಬಚ್ಚಿಡುವುದಿಲ್ಲ. ಯಾರು ಬೇಕಾದರೂ ನೋಡಿಕೊಂಡು ಮಾಡಿಕೊಳ್ಳಿ” ಎಂದು ಊರಿಗೆಲ್ಲ ಹೇಳಿದ. ಜನ ಹಿಗ್ಗಿದರು. ಬಿತ್ತನೆಯ ದಿನ ಬಂದು ಕೇಳಿದರೆ, “ಇನ್ನೂ ಸ್ವಲ್ಪ ಕೆಲಸ ಇದೆ, ಬರುವ ವರ್ಷ” ಎಂದ.

ಬರುವ ವರ್ಷವೂ ಅದೇ ಮಾತು. ಅದರಾಚೆಯ ವರ್ಷವೂ ಅದೇ. ಪುಣ್ಯಾತ್ಮ ಸುಮ್ಮನೆ ಕೂತಿರಲಿಲ್ಲ. ಅಂಗಳದಲ್ಲಿ ಮರಳು ಹರಡಿ, ಕೂರಿಗೆಯನ್ನು ತಾನೇ ಎಳೆಯುವನು. ನಿಂತು, ಮೇಲಿನ ಬಟ್ಟಲಿಗೆ ತಾನೇ ಕಾಳು ಹಾಕುವನು. ಕಾಳು ಬಿದಿರಿನ ಕೊಳವೆಗಳಲ್ಲಿ ಇಳಿದು ಸಾಲಾಗಿ ಬೀಳುವುದನ್ನು ಬಗ್ಗಿ ನೋಡುವನು. ಒಂದು ತಪ್ಪು ತಿದ್ದಿದರೆ ಎರಡು ಕಾಣುತ್ತಿದ್ದವು.

ಹೈಮವತಿ ಲ್ಯಾಪ್‌ಟಾಪನ್ನು ಸದ್ದಾಗದಂತೆ ಅರ್ಧ ಮುಚ್ಚಿದಳು. ಗುರುಗಳು ತಮ್ಮ ಪಾಡಿಗೆ ತಾವು ಮುಂದುವರಿದರು.

ಅದೇ ಊರಿನಲ್ಲಿ ಒಬ್ಬ ರೈತ ಹೆಂಗಸು. ಅವಳ ಮನೆಯಲ್ಲಿದ್ದದ್ದು ಸಣ್ಣ ಎತ್ತಿನ ಜೋಡಿ. ಊರವರ ಬಿತ್ತನೆಯೆಲ್ಲ ಮುಗಿದ ಮೇಲೆ ದೊಡ್ಡ ಎತ್ತು ಕೇಳಿ ತರಬೇಕು. ಅಷ್ಟರಲ್ಲಿ ಮಣ್ಣಿನ ಹಸಿ ಆರಿರುತ್ತಿತ್ತು. ಮೂರು ವರ್ಷ ಅವಳ ಹೊಲದಲ್ಲಿ ಅರ್ಧ ಕಾಳು ಮೊಳೆಯಲೇ ಇಲ್ಲ. ನಾಲ್ಕನೆಯ ವರ್ಷ ಮಣ್ಣು ಹದಕ್ಕೆ ಬಂದ ಬೆಳಿಗ್ಗೆ ಗಂಡನನ್ನೂ ಎತ್ತುಗಳನ್ನೂ ಕರೆದುಕೊಂಡು ನೇರ ಬಡಗಿಯ ಅಂಗಳಕ್ಕೆ ಬಂದಳು.

“ಅಣ್ಣ, ಕೂರಿಗೆ ಕೊಡು.”

“ನೆಲ ಸೀಳುವ ತಾಳುಗಳಲ್ಲಿ ಒಂದು ಇನ್ನೂ ಅಲುಗಾಡುತ್ತದೆ, ತಂಗಿ.”

“ನೆಲ ಸೀಳುತ್ತದೆ ತಾನೇ? ಕಾಳು ಬೀಳುತ್ತದೆ ತಾನೇ? ನನಗಷ್ಟು ಸಾಕು. ಮಿಕ್ಕದ್ದನ್ನು ಹೊಲದಲ್ಲಿ ನೋಡೋಣ, ಬಾ.”

ಅವನು ಬೇಡ ಬೇಡ ಎನ್ನುತ್ತಿರುವಾಗಲೇ ಕೂರಿಗೆ ಅಂಗಳ ದಾಟಿತು. ಬಡಗಿ ಗರಗಸ ಹಿಡಿದು ಹಿಂದೆ ಓಡಿದ. ಇವತ್ತಿಗೆ ನನ್ನ ಮಾನ ಹೋಯಿತು ಎಂದು ದಾರಿಯುದ್ದಕ್ಕೂ ಗೊಣಗಿದ.

ಹೊಲದಲ್ಲಿ ಗಂಡ ಎತ್ತು ಹೊಡೆದ. ಅವಳು ಕಾಳಿನ ಮಡಿಲು ಕಟ್ಟಿಕೊಂಡು ಬಟ್ಟಲಿಗೆ ಕೈ ಎತ್ತಿದಳು. ಕೈ ನಿಲುಕಲಿಲ್ಲ. ತುದಿಗಾಲಲ್ಲಿ ನಿಂತಳು. ಹಿಡಿ ಕಾಳು ಬಟ್ಟಲಿನ ಅಂಚಿಗೆ ಬಡಿದು ಅವಳ ತಲೆಯ ಮೇಲೇ ಸುರಿಯಿತು. ಆ ಊರಿನಲ್ಲಿ ಕೂರಿಗೆ ಹಿಡಿಯುವವರು ಗಂಡಸರು, ಬೀಜ ಹಾಕುವವರು ಹೆಂಗಸರು. ಇದು ಬಡಗಿಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಆದರೆ ಅಂಗಳದಲ್ಲಿ ಮೂರು ವರ್ಷ ಕಾಳು ಹಾಕಿದವನು ಅವನೊಬ್ಬನೇ. ಬಟ್ಟಲು ಸರಿಯಾಗಿ ಅವನ ಹಣೆಯ ಮಟ್ಟಕ್ಕಿತ್ತು.

ಅಕ್ಕಪಕ್ಕದ ಹೊಲದವರೆಲ್ಲ ಬಿದ್ದು ಬಿದ್ದು ನಕ್ಕರು. ಬಡಗಿಯ ಮುಖ ಕೆಂಪಾಯಿತು. ಆಮೇಲೆ ಹೆಂಗಸಿನ ಕೂದಲಿನಲ್ಲಿ ಸಿಕ್ಕಿಕೊಂಡ ಜೋಳ ನೋಡಿ ಅವನಿಗೂ ನಗು ತಡೆಯಲಾಗಲಿಲ್ಲ. ಅಲ್ಲೇ ಕೂತು ಅವಳ ಕೈಯ ಎತ್ತರ ನೋಡಿ ಕೊಳವೆಗಳನ್ನು ಒಂದೂವರೆ ಗೇಣು ಕೊಯ್ದ. ಮೂರು ವರ್ಷದ ಕೆಲಸಕ್ಕಿಂತ ಆ ಅರ್ಧ ಗಳಿಗೆಯ ಕೆಲಸ ಅವನಿಗೆ ಹೆಚ್ಚು ಖುಷಿ ಕೊಟ್ಟಿತು. ಮಧ್ಯಾಹ್ನದೊಳಗೆ ಹೊಲ ಪೂರ್ತಿ ಬಿತ್ತಿ ಮುಗಿಯಿತು. ತಾಳು ಅಲುಗಾಡುತ್ತಲೇ ಇತ್ತು, ಅದನ್ನು ಯಾರೂ ಗಮನಿಸಲೇ ಇಲ್ಲ.

ಸಂಜೆಯೊಳಗೆ ನಕ್ಕವರೇ ದಾರ ತಂದು ಅಳತೆ ತೆಗೆದುಕೊಂಡರು. ಒಬ್ಬ ತೊಗರಿ ಬಿತ್ತಲು ಪಕ್ಕದಲ್ಲಿ ಇನ್ನೊಂದು ಕೊಳವೆ ಕಟ್ಟಿದ. ಅಲುಗಾಡುವ ತಾಳಿಗೆ ಒಬ್ಬ ಮುದುಕ ಒಂದು ಬೆಣೆ ಬಡಿದು ಎದ್ದುಹೋದ. ಮರುವರ್ಷ ಸುತ್ತಲ ಊರುಗಳಲ್ಲಿ ಹನ್ನೊಂದು ಕೂರಿಗೆಗಳಿದ್ದವು, ಒಂದರಂತೆ ಇನ್ನೊಂದು ಇರಲಿಲ್ಲ. ಬಡಗಿ ಹೊಲದಿಂದ ಹೊಲಕ್ಕೆ ಹೋಗಿ ಮೊಮ್ಮಕ್ಕಳನ್ನು ನೋಡುವವನಂತೆ ಅವನ್ನೆಲ್ಲ ನೋಡಿ ಬಂದ.

ಹೈಮವತಿ ನಕ್ಕಳು. ಮನಸ್ಸು ಹಗುರಾಯಿತು. ಆದರೂ ಹಳೆಯ ಭಯ ಅಷ್ಟು ಸುಲಭವಾಗಿ ಬಿಡಲಿಲ್ಲ.

“ಕತೆ ಚೆನ್ನಾಗಿದೆ ಗುರುಗಳೇ. ಆದರೆ ನನ್ನ ನಲವತ್ತಮೂರು ತಪ್ಪುಗಳು ಹಾಗೇ ಇವೆಯಲ್ಲ. ಬೇಕಾದರೆ ಪಟ್ಟಿಯನ್ನು ಇನ್ನೊಮ್ಮೆ ಓದುತ್ತೇನೆ, ಯಾವುದನ್ನು ಬಿಡಲಿ ಎಂದು ನೀವೇ ಹೇಳಿ.”

ಗುರುಗಳು ಲ್ಯಾಪ್‌ಟಾಪ್ ಇದ್ದ ಕಡೆಗೆ ಕಿವಿಗೊಟ್ಟು, ಕಾಲು ಮಡಿಚಿ ಸರಿಯಾಗಿ ಕೂತರು.

“ನೀನು ಓದಬೇಡ ತಾಯಿ, ನಿನ್ನ ತಂತ್ರಾಂಶವೇ ಓದಲಿ, ನಲವತ್ತನಾಲ್ಕನೆಯ ತಪ್ಪನ್ನು ಕೇಳಿ ನಾನು ಹೇಳುತ್ತೇನೆ.”